ಇಬಾನ್ ಜನರು: ಚರಿತ್ರೆ, ಸಂಸ್ಕೃತಿ ಮತ್ತು ಶಾಲೆಗೆ ಬಂದ ಒಂದು ಮನೆಮಾತು

ಸಮಭಾಜಕ ವೃತ್ತದ ಮಳೆಕಾಡುಗಳ ಪಾಠದಲ್ಲಿ ಬೋರ್ನಿಯೊ ದ್ವೀಪದ ಹೆಸರು ಬಂದೊಡನೆ ಅನೇಕರಿಗೆ ನೆನಪಾಗುವುದು ‘ತಲೆಬೇಟೆಗಾರರು’ ಎಂಬ ಒಂದೇ ಮಾತು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅಲ್ಲಿನ ಇಬಾನ್ ಜನರ ವಿಷಯದಲ್ಲಿ ಅದು ತಿಳಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು. ಲಿಪಿಯ ಬಳಕೆಯಿಲ್ಲದೆ ಹಲವು ನೂರು ವರ್ಷಗಳ ವಂಶಾವಳಿಯನ್ನು, ಹೊಲದ ಹಕ್ಕನ್ನು, ದಂಡದ ಕಟ್ಟಳೆಯನ್ನು, ರಾತ್ರಿಯಿಡೀ ಹಾಡಿದರೂ ಮುಗಿಯದ ಕಾವ್ಯವನ್ನು ನೆನಪಿನಲ್ಲಿಯೇ ಉಳಿಸಿಕೊಂಡು ಬಂದ ಜನ ಅವರು. ಅವರ ಮಾತು ಈಗ ಶಾಲೆಯ ಪರೀಕ್ಷಾ ವಿಷಯವಾಗಿದೆ.

ದೂರದ ಈ ವಿಷಯ ಗಡಿನಾಡಿನ ಕನ್ನಡ ಶಿಕ್ಷಕರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವ ಮಕ್ಕಳಿದ್ದಾರೆ. ತಾಳವಾಡಿಯ ಕಡೆ ಸೋಲಿಗರ ಮಕ್ಕಳು, ನೀಲಗಿರಿಯಲ್ಲಿ ಬಡಗ ನುಡಿಯವರು, ವಯನಾಡಿನಲ್ಲಿ ಕುರುಬರ ನುಡಿಗಳನ್ನಾಡುವವರು, ಸೊಲ್ಲಾಪುರದ ಭಾಗದಲ್ಲಿ ಲಂಬಾಣಿ ಮನೆಮಾತಿನವರು ಇದ್ದಾರೆ. ರಾಜ್ಯದಲ್ಲಿ ಕನ್ನಡವು ಅಲ್ಪಸಂಖ್ಯಾತರ ಭಾಷೆ. ತರಗತಿಯ ಒಳಗಾದರೋ ಅದೇ ಕನ್ನಡವು ಈ ಮಕ್ಕಳ ಪಾಲಿಗೆ ದೊಡ್ಡ ಭಾಷೆ. ಇಬಾನರ ಕಥೆಯನ್ನು ಈ ಎರಡೂ ಕಡೆಯಿಂದ ಓದಬಹುದು.

ನೆಲ ಮತ್ತು ನುಡಿ

ಬೋರ್ನಿಯೊ ದ್ವೀಪವನ್ನು ಇಂದು ಮೂರು ದೇಶಗಳು ಹಂಚಿಕೊಂಡಿವೆ: ಇಂಡೋನೇಷ್ಯ, ಮಲೇಷ್ಯ ಮತ್ತು ಬ್ರುನೈ. ಇಬಾನರು ಮೂರರಲ್ಲಿಯೂ ಇದ್ದಾರೆ. ಅವರಲ್ಲಿ ಬಹುಪಾಲು ಜನ ಮಲೇಷ್ಯದ ಸರವಾಕ್ ರಾಜ್ಯದವರು. ಸುಮಾರು 1,24,000 ಚದರ ಕಿಲೋಮೀಟರ್ ವಿಸ್ತಾರದ ಸರವಾಕ್ ಕರ್ನಾಟಕದ ಮೂರರಲ್ಲಿ ಎರಡು ಪಾಲಿನಷ್ಟು ದೊಡ್ಡದು. ಅದರ ಜನಸಂಖ್ಯೆಯಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಇಬಾನರು. ದಕ್ಷಿಣದಲ್ಲಿ ಬೆಟ್ಟಸಾಲು ದಾಟಿದರೆ ಇಂಡೋನೇಷ್ಯದ ಪಶ್ಚಿಮ ಕಲಿಮಾಂತಾನ್. ಅಲ್ಲಿ ಹರಿಯುವ ಕಪುವಾಸ್ ನದಿಯ ಮೇಲ್ಭಾಗವೇ ತಮ್ಮ ಮೂಲನೆಲೆಯೆಂದು ಇಬಾನರ ವಂಶಕಥನಗಳು ಹೇಳುತ್ತವೆ. ಬ್ರಿಟಿಷರು ಇವರನ್ನು ‘ಸಮುದ್ರದ ದಯಾಕರು’ ಎಂದು ಕರೆದರು. ಹೆಸರಿನಲ್ಲಿ ಸಮುದ್ರವಿದ್ದರೂ ಇವರ ಬದುಕು ನದಿಯದು. ಊರಿನ ಗುರುತು ನದಿಯಿಂದ, ಹೊಲದ ಗುರುತು ಹೊಳೆಯಿಂದ. ಒಬ್ಬನ ಊರು ಯಾವುದೆಂದು ಕೇಳಿದರೆ ದೊರೆಯುವ ಉತ್ತರವೂ ಬಹುಮಟ್ಟಿಗೆ ನದಿಯ ಹೆಸರೇ.

ಇಬಾನ್ ಭಾಷೆ ಆಸ್ಟ್ರೋನೇಷ್ಯನ್ ಕುಟುಂಬಕ್ಕೆ ಸೇರಿದ್ದು, ಮಲಯ ಭಾಷೆಗೆ ಬಹಳ ಹತ್ತಿರದ್ದು. ಮಲಯದಲ್ಲಿ ‘ಮಕಾನ್’ ಎಂದರೆ ತಿನ್ನು, ಇಬಾನ್‌ನಲ್ಲಿ ಅದು ‘ಮಕಾಯ್’. ದಾರಿಗೆ ಅಲ್ಲಿ ‘ಜಲಾನ್’, ಇಲ್ಲಿ ‘ಜಲಾಯ್’. ಬರುವುದಕ್ಕೆ ಅಲ್ಲಿ ‘ದತಾಂಗ್’, ಇಲ್ಲಿ ‘ದತಾಯ್’. ಹೊಸೂರಿನ ಶಿಕ್ಷಕರಿಗೆ ಈ ಬಗೆಯ ಹೊಂದಾಣಿಕೆ ಹೊಸದಲ್ಲ. ತಮಿಳಿನ ‘ಪಾಲ್’ ಕನ್ನಡದ ‘ಹಾಲು’ ಆಗಿರುವುದನ್ನೂ ‘ಪಲ್’ ‘ಹಲ್ಲು’ ಆಗಿರುವುದನ್ನೂ ಅವರು ದಿನವೂ ಕೇಳುತ್ತಾರೆ. ಇಂಥ ಸಾಮೀಪ್ಯಕ್ಕೆ ಒಂದು ಅಪಾಯವೂ ಉಂಟು. ದೊಡ್ಡ ಭಾಷೆಗೆ ಹತ್ತಿರವಿರುವ ಚಿಕ್ಕ ಭಾಷೆಯನ್ನು ‘ಅದರದೇ ಒರಟು ರೂಪ’ವೆಂದು ಕರೆಯುವುದು ಸುಲಭ. ಇಬಾನ್ ಮಲಯದ ಕೆಟ್ಟ ಉಚ್ಚಾರವಲ್ಲ, ಬಡಗ ಕನ್ನಡದ ಕೆಟ್ಟ ಉಚ್ಚಾರವಲ್ಲದಂತೆಯೇ.

ಇನ್ನೊಂದು ಪದ ಕನ್ನಡಿಗರ ಗಮನ ಸೆಳೆಯುವಂಥದು. ಇಬಾನರು ದೇವರನ್ನು ‘ಪೆತಾರಾ’ ಎನ್ನುತ್ತಾರೆ. ಸಂಸ್ಕೃತದ ‘ಭಟ್ಟಾರ’ ಎಂಬ ಗೌರವಸೂಚಕ ಪದ ಜಾವಾ ಮತ್ತು ಮಲಯ ನಾಡುಗಳಲ್ಲಿ ‘ಬತಾರ’ ಆಗಿ, ಇಬಾನರಲ್ಲಿ ‘ಪೆತಾರಾ’ ಆಯಿತು. ಹಳಗನ್ನಡ ಶಾಸನಗಳಲ್ಲಿ ದೇವರಿಗೂ ಗುರುಗಳಿಗೂ ಬಳಸಿರುವ ‘ಭಟಾರ’ ಅದೇ ಪದ. ಒಂದೇ ಮಾತು ಸಮುದ್ರ ದಾಟಿ ಕಾಡಿನ ನಡುವಿನ ನದಿಗಳವರೆಗೆ ಹೋಗಿದೆ.

ವಲಸೆ, ಅರಸರು, ತಲೆಬೇಟೆ

ಬಾಯಿಪಾಠದ ವಂಶಾವಳಿಗಳನ್ನು ತಲೆಮಾರು ಎಣಿಸಿ ನೋಡಿದ ಸಂಶೋಧಕರ ಪ್ರಕಾರ, ಇಬಾನರು ಕಪುವಾಸ್ ಕಣಿವೆಯಿಂದ ಬೆಟ್ಟ ದಾಟಿ ಸರವಾಕಿನ ಬಾತಾಂಗ್ ಲುಪಾರ್ ನದಿಯ ಸೀಮೆಗೆ ಬರತೊಡಗಿದ್ದು ಹದಿನಾರನೆಯ ಶತಮಾನದ ಸುಮಾರಿಗೆ. ಅಲ್ಲಿಂದ ಸ್ಕ್ರಾಂಗ್, ಸರಿಬಾಸ್ ಕಣಿವೆಗಳಿಗೂ ಹತ್ತೊಂಬತ್ತನೆಯ ಶತಮಾನದಲ್ಲಿ ರಜಾಂಗ್ ನದಿಯ ದೊಡ್ಡ ಸೀಮೆಗೂ ಹರಡಿದರು. ಹೊಸ ಕಾಡನ್ನು ಅರಸುತ್ತ ಸಾಗುವ ಈ ಚಲನೆಯಲ್ಲಿ ಮೊದಲೇ ನೆಲೆಸಿದ್ದ ಜನರೊಂದಿಗೆ ಕದನಗಳಾದವು. ತಲೆ ತರುವ ಪದ್ಧತಿ ಈ ಕದನಗಳ ಜೊತೆಗೂ ಫಲವಂತಿಕೆಯ ನಂಬಿಕೆಯ ಜೊತೆಗೂ ಹೆಣೆದುಕೊಂಡಿತ್ತು. ತಂದ ತಲೆ ಊರಿಗೆ ಬೆಳೆಯನ್ನೂ ಸಂತಾನವನ್ನೂ ತರುತ್ತದೆಂದು ನಂಬಿದ್ದರು. ಇದನ್ನು ಮಕ್ಕಳ ಮುಂದೆ ಬಚ್ಚಿಡಬೇಕಾಗಿಲ್ಲ, ವೈಭವೀಕರಿಸಬೇಕಾಗಿಯೂ ಇಲ್ಲ.

1841ರಲ್ಲಿ ಜೇಮ್ಸ್ ಬ್ರೂಕ್ ಎಂಬ ಆಂಗ್ಲ ಸಾಹಸಿ ಬ್ರುನೈ ಸುಲ್ತಾನನ ಅಧೀನದಲ್ಲಿದ್ದ ಸರವಾಕಿಗೆ ‘ರಾಜ’ನಾದ. ಅವನ ಮನೆತನದ ಮೂವರು 1946ರವರೆಗೆ ಆಳಿದರು. 1849ರಲ್ಲಿ ಬೆಟಿಂಗ್ ಮಾರು ಎಂಬಲ್ಲಿ ಬ್ರೂಕ್ ಪರವಾಗಿ ನಿಂತ ಬ್ರಿಟಿಷ್ ಹಡಗುಗಳು ಸರಿಬಾಸ್ ಮತ್ತು ಸ್ಕ್ರಾಂಗ್ ಕಣಿವೆಗಳವರ ದೋಣಿಪಡೆಯನ್ನು ನಾಶಮಾಡಿದವು. ಆ ಬಳಿಕವೂ ಮಣಿಯದೆ ನಿಂತ ನಾಯಕ ರೆಂತಾಪ್. ಸಾದೋಕ್ ಬೆಟ್ಟದ ಮೇಲಿನ ಅವನ ಕೋಟೆಗೆ ಎರಡು ಬಾರಿ ದಂಡು ಹೋಗಿ ವಿಫಲವಾಯಿತು; 1861ರಲ್ಲಿ ಮೂರನೆಯ ದಂಡಯಾತ್ರೆ ಭಾರಿ ಫಿರಂಗಿಯನ್ನು ಬೆಟ್ಟಕ್ಕೆ ಹೊತ್ತೊಯ್ದು ಅದನ್ನು ಕೆಡವಿತು. ‘ಜೀವವಿರುವ ತನಕ ಎದುರಾಟ’ ಎಂಬರ್ಥದ ಮಾತೊಂದನ್ನು ಅವನ ಹೆಸರಿನೊಂದಿಗೆ ಸರವಾಕಿನ ಜನ ಇಂದಿಗೂ ಸ್ಮರಿಸುತ್ತಾರೆ.

ತಲೆಬೇಟೆಯನ್ನು ನಿಲ್ಲಿಸಿದವರು ಬ್ರೂಕರು ಎಂಬುದು ವಾಡಿಕೆಯ ಮಾತು. ಶಿಕ್ಷಕರು ಇದಕ್ಕೆ ಒಂದು ಅಡಿಟಿಪ್ಪಣಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳಿತು. ಬಂಡೆದ್ದ ಊರುಗಳನ್ನು ಅಡಗಿಸಲು ಅದೇ ಅರಸರು ತಮಗೆ ನಿಷ್ಠರಾದ ಇಬಾನರನ್ನೇ ದಂಡಿಗೆ ಕರೆದೊಯ್ಯುತ್ತಿದ್ದರು. ಅಂಥ ದಂಡಯಾತ್ರೆಯಲ್ಲಿ ತಂದ ತಲೆಗೆ ಆಕ್ಷೇಪವಿರಲಿಲ್ಲ. 1924ರ ನವೆಂಬರಿನಲ್ಲಿ ಕಪಿತ್ ಎಂಬಲ್ಲಿ ಇಬಾನರಿಗೂ ಕಯಾನ್, ಕೆನ್ಯಾ ಮೊದಲಾದ ಜನಾಂಗಗಳಿಗೂ ದೊಡ್ಡ ಶಾಂತಿ ಒಪ್ಪಂದವಾಯಿತು. ಆದರೂ ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಮಿತ್ರರಾಷ್ಟ್ರಗಳ ಅಧಿಕಾರಿಗಳು ಜಪಾನಿ ಸೈನಿಕರ ವಿರುದ್ಧ ಒಳನಾಡಿನ ಜನರನ್ನು ಎಬ್ಬಿಸಿದಾಗ ಹಳೆಯ ಪದ್ಧತಿ ಮತ್ತೆ ತಲೆಯೆತ್ತಿತು. ‘ಅನಾಗರಿಕ’ ಎಂಬ ಪದವನ್ನು ಯಾರು, ಯಾವಾಗ, ಯಾರ ಮೇಲೆ ಬಳಸುತ್ತಾರೆ ಎಂದು ಮೇಲಿನ ತರಗತಿಯ ಮಕ್ಕಳು ವಿಚಾರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಅಪರೂಪ.

ಸರವಾಕ್ 1946ರಲ್ಲಿ ಬ್ರಿಟಿಷ್ ವಸಾಹತಾಯಿತು, 1963ರಲ್ಲಿ ಮಲೇಷ್ಯ ಒಕ್ಕೂಟವನ್ನು ಸೇರಿತು. ಆ ಒಪ್ಪಂದಕ್ಕೆ ಸರವಾಕಿನ ಪರವಾಗಿ ಒಪ್ಪಿಗೆಯಿತ್ತವರಲ್ಲಿ ಇಬಾನರ ಹಿರಿಯ ನಾಯಕ ಜುಗಾ ಅನಕ್ ಬಾರಿಯೆಂಗ್ ಒಬ್ಬರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಒಕ್ಕೂಟವು ಕಬ್ಬಿನಂತೆ ಬುಡದಲ್ಲಿ ಸಿಹಿಯಾಗಿ ತುದಿಯಲ್ಲಿ ಸಪ್ಪೆಯಾಗದಿರಲಿ ಎಂದು ಅವರು ಎಚ್ಚರಿಸಿದರೆಂದು ಜನ ಹೇಳುತ್ತಾರೆ. ಬರೆದ ಒಪ್ಪಂದದ ಕಲಮುಗಳು ಮರೆತುಹೋದ ಮನೆಗಳಲ್ಲಿಯೂ ಕಬ್ಬಿನ ಈ ಮಾತು ಉಳಿದಿದೆ.

ಉದ್ದಮನೆ

ಇಬಾನರ ಸಾಂಪ್ರದಾಯಿಕ ವಸತಿ ‘ರುಮಾ ಪಂಜಾಯ್’, ಪದಶಃ ‘ಉದ್ದಮನೆ’. ಒಂದು ಊರೆಂದರೆ ಒಂದು ಮನೆ. ನದಿಯ ದಂಡೆಯಲ್ಲಿ ಕಂಬಗಳ ಮೇಲೆ ನಿಲ್ಲಿಸಿದ ಒಂದೇ ಚಾವಣಿಯ ಕೆಳಗೆ ಹತ್ತರಿಂದ ಐವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಟುಂಬಗಳು ಸಾಲಾಗಿ ವಾಸಿಸುತ್ತವೆ. ಕನ್ನಡ ನಾಡಿನ ವಠಾರವನ್ನು ಕಂಡ ಮಕ್ಕಳಿಗೆ ಇದರ ಕಲ್ಪನೆ ಬೇಗ ಬರುತ್ತದೆ. ಆದರೆ ವಠಾರಕ್ಕೆ ಒಬ್ಬ ಮಾಲೀಕನಿರುತ್ತಾನೆ, ಉಳಿದವರು ಬಾಡಿಗೆಯವರು. ಉದ್ದಮನೆಯಲ್ಲಿ ಪ್ರತಿ ಕುಟುಂಬವೂ ತನ್ನ ಭಾಗವನ್ನು ತಾನೇ ಕಟ್ಟಿಕೊಂಡು ತಾನೇ ಒಡೆತನ ಹೊಂದಿರುತ್ತದೆ.

ಕುಟುಂಬದ ಖಾಸಗಿ ಕೋಣೆ ‘ಬಿಲಿಕ್’. ಅದರ ಮುಂದೆ ಮನೆಯ ಉದ್ದಕ್ಕೂ ಹಾದುಹೋಗುವ ವಿಶಾಲ ಪಡಸಾಲೆ ‘ರುವಾಯ್’. ಮೇಲೆ ಭತ್ತದ ಕಣಜವಿರುವ ಅಟ್ಟ ‘ಸದಾವ್’. ಹೊರಗೆ ಭತ್ತ ಒಣಹಾಕುವ ತೆರೆದ ಅಟ್ಟಣೆ ‘ತಂಜು’. ಪಡಸಾಲೆಯ ತನ್ನ ಮುಂಭಾಗವನ್ನು ಆಯಾ ಕುಟುಂಬವೇ ಕಟ್ಟಿ ಸುಸ್ಥಿತಿಯಲ್ಲಿಡಬೇಕು, ಆದರೆ ಅದರಲ್ಲಿ ಯಾರೂ ಕೂರಬಹುದು, ಅತಿಥಿ ಮಲಗಬಹುದು, ಪಂಚಾಯಿತಿ ನಡೆಯಬಹುದು. ನಡುವೆ ಅಡ್ಡಗೋಡೆ ಏಳುವಂತಿಲ್ಲ. ಊರಿನ ಹಿರಿಯ ‘ತುವಾಯ್ ರುಮಾ’ ವಿವಾದಗಳನ್ನು ‘ಅದತ್’ ಎಂಬ ಕಟ್ಟಳೆಯ ಪ್ರಕಾರ ಇತ್ಯರ್ಥಪಡಿಸುತ್ತಾನೆ. ಉದ್ದಮನೆಗೆ ಸಾಮಾನ್ಯವಾಗಿ ಅವನ ಹೆಸರೇ ಇರುತ್ತದೆ. ಹಿರಿಯ ಬದಲಾದರೆ ಊರಿನ ಹೆಸರೂ ಬದಲಾಗುತ್ತದೆ. ನಕ್ಷೆ ತಯಾರಿಸುವವರಿಗೆ ಇದರಿಂದ ಆಗುವ ಪೇಚು ಊಹಿಸಬಹುದಾದದ್ದೇ.

ಬಂಧುತ್ವದ ರೀತಿ ವಿಶೇಷವಾದದ್ದು. ಮದುವೆಯ ನಂತರ ಹೆಣ್ಣು ಗಂಡಿನ ಮನೆಗೆ ಹೋಗಬಹುದು, ಗಂಡೂ ಹೆಣ್ಣಿನ ಮನೆಗೆ ಬರಬಹುದು. ಎರಡೂ ಸಮಾನವಾಗಿ ರೂಢಿಯಲ್ಲಿವೆ. ಮಗು ಹುಟ್ಟಿ ಬೆಳೆದ ಬಿಲಿಕ್ ಯಾವುದೋ ಅದೇ ಅದರ ಕುಟುಂಬ, ಅದು ತಂದೆಯ ಕಡೆಯದಾಗಲಿ ತಾಯಿಯ ಕಡೆಯದಾಗಲಿ. 1949ರಿಂದ 1951ರವರೆಗೆ ಇಬಾನರ ನಡುವೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಡೆರೆಕ್ ಫ್ರೀಮನ್ ಈ ವ್ಯವಸ್ಥೆಯನ್ನು ವಿವರವಾಗಿ ದಾಖಲಿಸಿದರು. ಪಿತೃವಂಶ, ಮಾತೃವಂಶ ಎಂಬ ಎರಡೇ ಬಗೆಗಳಿವೆಯೆಂದು ಕಲಿಸುವ ಪಾಠಕ್ಕೆ ಇದು ಮೂರನೆಯ ಉದಾಹರಣೆ. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಭೇದವಿಲ್ಲ.

ಭತ್ತ, ಹಕ್ಕಿ, ಬಟ್ಟೆ

ಬೆಟ್ಟದ ಇಳಿಜಾರಿನ ಕಾಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯ ನೆಲದಲ್ಲಿ ಭತ್ತ ಬಿತ್ತುವುದು ಇಬಾನರ ಹಳೆಯ ಬೇಸಾಯ. ಗಂಡಸರು ಮುಂದೆ ಸಾಗುತ್ತ ಕೋಲಿನಿಂದ ಕುಳಿ ಹಾಕುತ್ತಾರೆ, ಹೆಂಗಸರು ಹಿಂದೆ ಬರುತ್ತ ಬೀಜ ಬಿಡುತ್ತಾರೆ. ಒಂದೆರಡು ಬೆಳೆಯ ನಂತರ ಹೊಲವನ್ನು ಹಲವು ವರ್ಷ ಪಾಳು ಬಿಟ್ಟು ಕಾಡು ಮತ್ತೆ ಬೆಳೆಯಲು ಬಿಡುತ್ತಾರೆ. ಒಂದು ಕುಟುಂಬದ ಹೊಲದಲ್ಲಿ ಉಳಿದವರು ದುಡಿದು, ಅದೇ ಲೆಕ್ಕದಲ್ಲಿ ದುಡಿಮೆಯನ್ನು ಹಿಂದೆ ಪಡೆಯುವ ಪದ್ಧತಿಗೆ ಅವರಲ್ಲಿ ‘ಬೆದುರೋಕ್’ ಎಂಬ ಹೆಸರು. ಕನ್ನಡದಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ, ಪದವೇ ಇದೆ: ಮುಯ್ಯಾಳು.

ಭತ್ತಕ್ಕೆ ಆತ್ಮವಿದೆ ಎಂಬುದು ಇಬಾನರ ನಂಬಿಕೆಯ ಕೇಂದ್ರ. ಪ್ರತಿ ಬಿಲಿಕ್‌ಗೂ ತನ್ನದೇ ಆದ ಪವಿತ್ರ ಭತ್ತದ ತಳಿಯೊಂದು ಇರುತ್ತದೆ. ‘ಪಾದಿ ಪುನ್’ ಎಂಬ ಅದನ್ನು ಹೊಲದ ನಡುವೆ ಬಿತ್ತಿ, ಬೀಜವನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡುತ್ತಾರೆ. ಕುಟುಂಬ ಒಡೆದು ಹೊಸ ಬಿಲಿಕ್ ಆದಾಗ ಮೂಲ ತಳಿ ಹಳೆಯ ಕೋಣೆಯಲ್ಲಿಯೇ ಉಳಿಯುತ್ತದೆ. ಹೊರಟವರು ‘ಪಾದಿ ಸಾಂಗ್‌ಕಿಂಗ್’ ಎಂಬ ಎರಡನೆಯ ಪವಿತ್ರ ತಳಿಯನ್ನು ಒಯ್ಯುತ್ತಾರೆ. ಹೀಗೆ ಕುಟುಂಬದ ಇತಿಹಾಸವನ್ನು ಬೀಜದ ಚೀಲದಲ್ಲಿಯೂ ಓದಬಹುದು.

ಕಾಡು ಕಡಿಯುವ ಮುನ್ನ, ಪ್ರಯಾಣಕ್ಕೆ ಮುನ್ನ, ಮನೆ ಕಟ್ಟುವ ಮುನ್ನ ಹಕ್ಕಿಯ ಶಕುನ ಕೇಳುವುದು ರೂಢಿಯಾಗಿತ್ತು. ಯುದ್ಧ ಮತ್ತು ಶಕುನಗಳ ಅಧಿದೇವತೆ ಸಿಂಗಲಾಂಗ್ ಬುರೋಂಗ್. ಆತ ಭೂಮಿಗೆ ಕಾಣಿಸಿಕೊಳ್ಳುವುದು ಹದ್ದಿನ ರೂಪದಲ್ಲಿ, ಕನ್ನಡಿಗರು ‘ಗರುಡ’ ಎಂದು ಕೈಮುಗಿಯುವ ಬಿಳಿತಲೆ, ಕೆಂಗಂದು ರೆಕ್ಕೆಯ ಅದೇ ಜಾತಿಯ ಹಕ್ಕಿಯಾಗಿ. ಅವನ ಅಳಿಯಂದಿರು ಮತ್ತು ಪರಿವಾರವೆನಿಸಿದ ಹಕ್ಕಿಗಳು ಸಂದೇಶವಾಹಕರು. ಅವುಗಳಲ್ಲೊಂದಾದ ‘ನೆಂದಾಕ್’ ಪಶ್ಚಿಮಘಟ್ಟದ ಕಾಡಿನಲ್ಲಿಯೂ ಹಾಡುವ ಶಾಮ ಹಕ್ಕಿ. ಹಾಲಕ್ಕಿಯ ನುಡಿ ಕೇಳಿ ಬಂದೆನೆನ್ನುವ ಬುಡಬುಡಿಕೆಯವರನ್ನು ಕಂಡಿರುವ ಮಕ್ಕಳಿಗೆ ಈ ನಂಬಿಕೆ ವಿಚಿತ್ರವೆನಿಸದು. ಇಂದು ಸರವಾಕಿನ ಬಹುಪಾಲು ಇಬಾನರು ಕ್ರೈಸ್ತರು. ಶಕುನದ ಆಚರಣೆ ಬಹಳ ಕಡೆ ತೆಳುವಾಗಿದೆ. ಸುಗ್ಗಿಯ ಹಬ್ಬ ಮಾತ್ರ ಎಲ್ಲರದಾಗಿ ಉಳಿದಿದೆ. 1965ರಿಂದ ಜೂನ್ 1 ‘ಗವಾಯ್ ದಯಾಕ್’ ಎಂಬ ಹೆಸರಿನಿಂದ ಸರವಾಕಿನ ಅಧಿಕೃತ ಹಬ್ಬ. ಪಟ್ಟಣದಲ್ಲಿ ದುಡಿಯುವವರು ಆ ದಿನ ಉದ್ದಮನೆಗೆ ಮರಳುತ್ತಾರೆ, ‘ತುವಾಕ್’ ಎಂಬ ಅಕ್ಕಿಯ ಮದ್ಯ ಹಂಚುತ್ತಾರೆ.

ಗಂಡಸರ ಹಿರಿಮೆ ಯುದ್ಧ ಮತ್ತು ‘ಬೆಜಲಾಯ್’ ಎಂಬ ದೂರ ಸಂಚಾರದಲ್ಲಿದ್ದರೆ, ಹೆಂಗಸರ ಹಿರಿಮೆ ‘ಪುವಾ ಕುಂಬು’ ಎಂಬ ಬಟ್ಟೆಯ ನೇಯ್ಗೆಯಲ್ಲಿತ್ತು. ನೂಲನ್ನು ನೇಯುವ ಮುನ್ನವೇ ವಿನ್ಯಾಸಕ್ಕೆ ತಕ್ಕಂತೆ ಗಂಟುಕಟ್ಟಿ ಬಣ್ಣದಲ್ಲಿ ಅದ್ದುವ ಕ್ರಮ ಇದು. ಕೆಂಬಣ್ಣ ಬರುವುದು ನೋನಿ ಮರದ ಬೇರಿನಿಂದ. ನೂಲು ಬಣ್ಣ ಹಿಡಿಯುವಂತೆ ಹದಗೊಳಿಸುವ ಕೆಲಸ ಎಷ್ಟು ಕಠಿಣವೆಂದರೆ ಅದನ್ನು ‘ಹೆಂಗಸರ ಯುದ್ಧ’ವೆಂದೇ ಕರೆದರು. ದೊಡ್ಡ ವಿನ್ಯಾಸಗಳು ಕನಸಿನಲ್ಲಿ ದೊರೆಯುತ್ತವೆಂದೂ ಅರ್ಹತೆಯಿಲ್ಲದವಳು ಅವನ್ನು ನೇಯಬಾರದೆಂದೂ ನಂಬಿಕೆ. ಪ್ರತಿ ವಿನ್ಯಾಸಕ್ಕೂ ಹೆಸರಿದೆ. ಆ ಹೆಸರನ್ನು ಬಲ್ಲವರಿಗೆ ಮಾತ್ರ ಬಟ್ಟೆಯ ಅರ್ಥ ಪೂರ್ತಿ ತಿಳಿಯುತ್ತದೆ.

ನಾಲಗೆಯಲ್ಲಿದ್ದ ಗ್ರಂಥಗಳು

ತಮಗೆ ಲಿಪಿ ಏಕಿಲ್ಲ ಎಂಬುದಕ್ಕೆ ಇಬಾನರಲ್ಲಿ ಒಂದು ಐತಿಹ್ಯವಿದೆ. ಮಹಾಪ್ರಳಯದಲ್ಲಿ ಈಜಿ ಪಾರಾದ ರೆಂಗ್ಗಿ ಎಂಬ ಪೂರ್ವಜನ ಬಳಿಯಿದ್ದ ಬರಹ ನೀರಿನಲ್ಲಿ ನೆನೆದು ಹಾಳಾಯಿತು. ಅವನು ಅದನ್ನು ನುಂಗಿಬಿಟ್ಟ. ಅಂದಿನಿಂದ ಬರಹವು ಹಾಳೆಯ ಮೇಲಲ್ಲ, ಮೈಯೊಳಗೆ ಇದೆ. ಆದ್ದರಿಂದಲೇ ಅವರು ನೆನಪಿನಿಂದ ಹೇಳಬಲ್ಲರು. ಅಕ್ಷರವಿಲ್ಲದಿರುವುದನ್ನು ಕೊರತೆಯೆಂದು ಒಪ್ಪಿಕೊಳ್ಳದ ಕಥೆ ಇದು.

ಈ ನೆನಪಿಗೆ ಶಿಸ್ತಿನ ಶಾಖೆಗಳಿವೆ. ‘ತುಸುತ್’ ಎಂದರೆ ವಂಶಾವಳಿ. ನುರಿತವರು ಇಪ್ಪತ್ತಕ್ಕೂ ಹೆಚ್ಚು ತಲೆಮಾರುಗಳ ಹೆಸರನ್ನು ಕವಲುಗಳ ಸಹಿತ ಹೇಳುತ್ತಿದ್ದರು. ‘ಎನ್ಸೆರಾ’ ಎಂದರೆ ಕಥನ. ಪಂಗ್ಗಾವ್ ಲಿಬಾವ್ ಎಂಬ ಅದ್ಭುತ ಲೋಕದ ವೀರ ಕೆಲಿಂಗ್ ಮತ್ತು ಅವನ ಮಡದಿ ಕುಮಾಂಗ್ ಅದರ ಪ್ರಿಯ ಪಾತ್ರಗಳು. ‘ಸಬಾಕ್’ ಸಾವಿನ ಮನೆಯಲ್ಲಿ ಹೆಂಗಸರು ಹಾಡುವ ಶೋಕಗೀತ. ಸತ್ತವರ ಆತ್ಮ ಪರಲೋಕಕ್ಕೆ ಸಾಗುವ ದಾರಿಯನ್ನು ಅದು ಹೆಜ್ಜೆಹೆಜ್ಜೆಯಾಗಿ ವರ್ಣಿಸುತ್ತದೆ. ಹಬ್ಬಗಳಲ್ಲಿ ದೇವತೆಗಳನ್ನು ಆಹ್ವಾನಿಸುವ ‘ತಿಮಾಂಗ್’ ಎಲ್ಲಕ್ಕಿಂತ ದೀರ್ಘ. ಅದನ್ನು ಹಾಡುವ ವೃತ್ತಿನಿಪುಣ ‘ಲೆಮಂಬಾಂಗ್’ ರಾತ್ರಿಯಿಡೀ ರುವಾಯ್‌ನಲ್ಲಿ ನಡೆದಾಡುತ್ತ ಹಾಡುತ್ತಾನೆ.

ಇಷ್ಟು ಉದ್ದದ ಹಾಡನ್ನು ಸಂಪೂರ್ಣ ಕಂಠಪಾಠದ ಮೇಲೆ ಬಿಟ್ಟಿರಲಿಲ್ಲ. ಲೆಮಂಬಾಂಗ್‌ನ ಬಳಿ ‘ಪಪಾನ್ ತುರಾಯ್’ ಎಂಬ ಮರದ ಹಲಗೆಯಿರುತ್ತಿತ್ತು. ಅದರ ಮೇಲೆ ಸಾಲುಸಾಲಾಗಿ ಚಿಕ್ಕ ಗುರುತುಗಳು: ಮನುಷ್ಯ, ಮನೆ, ಹಕ್ಕಿ, ಗೆರೆ, ಸುರುಳಿ. ಒಂದೊಂದು ಗುರುತೂ ಹಾಡಿನ ಒಂದೊಂದು ಘಟ್ಟವನ್ನು ನೆನಪಿಸುತ್ತದೆ. ಇದು ಅಕ್ಷರವಲ್ಲ, ಏಕೆಂದರೆ ಹಾಡು ಗೊತ್ತಿಲ್ಲದವನು ಹಲಗೆಯನ್ನು ಓದಲಾರ. ಬರೀ ಚಿತ್ರವೂ ಅಲ್ಲ, ಏಕೆಂದರೆ ಅದರ ಕ್ರಮ ತಪ್ಪಿದರೆ ಹಾಡೂ ತಪ್ಪುತ್ತದೆ. ಸರವಾಕ್ ವಸ್ತುಸಂಗ್ರಹಾಲಯದ ಟಾಮ್ ಹ್ಯಾರಿಸನ್ ಮತ್ತು ಬೆನೆಡಿಕ್ಟ್ ಸಂದಿನ್ 1966ರಲ್ಲಿ ಇಂಥ ಹಲಗೆಗಳ ಬಗ್ಗೆ ವಿಸ್ತಾರವಾಗಿ ಬರೆದರು. ಸಂದಿನ್ ಸ್ವತಃ ಸರಿಬಾಸ್ ಸೀಮೆಯ ಇಬಾನರು. 1966ರಿಂದ 1974ರವರೆಗೆ ಅದೇ ಸಂಗ್ರಹಾಲಯದ ಮುಖ್ಯಸ್ಥರಾಗಿದ್ದರು. ತನ್ನ ಜನರ ತುಸುತ್‌ಗಳನ್ನು ಆಧಾರವಾಗಿಟ್ಟುಕೊಂಡು ಬ್ರೂಕರಿಗಿಂತ ಹಿಂದಿನ ಇಬಾನ್ ಚರಿತ್ರೆಯನ್ನು ಅವರು 1967ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹೊರಗಿನವರ ದಾಖಲೆಗಳಿಂದ ಮಾತ್ರ ಚರಿತ್ರೆ ಬರೆಯಬೇಕಿಲ್ಲವೆಂದು ಅದು ತೋರಿಸಿತು.

ಬೆತೊಂಗ್ ಸೀಮೆಯ ದುಂಗಿಂಗ್ ಅನಕ್ ಗುಂಗ್ಗು ಎಂಬವರು ಇನ್ನೊಂದು ದಾರಿ ಹಿಡಿದರು. ಮಿಷನರಿಗಳು ತಂದ ರೋಮನ್ ಅಕ್ಷರ ಆ ವೇಳೆಗೆ ಬಳಕೆಯಲ್ಲಿತ್ತು. ದುಂಗಿಂಗ್ 1947ರಲ್ಲಿ ಇಬಾನ್ ಧ್ವನಿಗಳಿಗಾಗಿಯೇ 77 ಗುರುತುಗಳ ಲಿಪಿಯೊಂದನ್ನು ರಚಿಸಿದರು. ತಿದ್ದುತ್ತ ಹೋಗಿ 1962ರ ಹೊತ್ತಿಗೆ ಅದನ್ನು 59ಕ್ಕೆ ಇಳಿಸಿದರು. ಹದಿನೈದು ವರ್ಷ ಒಬ್ಬರೇ ನಡೆಸಿದ ಕೆಲಸ. ಅವರ ಬದುಕಿನ ಕಾಲದಲ್ಲಿ ಅದು ಬಂಧುಗಳ ಸಣ್ಣ ವಲಯವನ್ನು ದಾಟಿ ಹರಡಲಿಲ್ಲ. 2010ರ ಸುಮಾರಿಗೆ ಸರವಾಕಿನ ಭಾಷಾ ವಿದ್ವಾಂಸ ಬ್ರೊಮೆಲಿ ಫಿಲಿಪ್ ಅದನ್ನು ಕಂಪ್ಯೂಟರ್ ಅಕ್ಷರವಿನ್ಯಾಸಕ್ಕೆ ಅಳವಡಿಸಿದ ಮೇಲೆ ಮತ್ತೆ ಕಲಿಯುವವರು ಹುಟ್ಟಿಕೊಂಡರು.

ನೆನಪು ನ್ಯಾಯಾಲಯಕ್ಕೆ ಹೋದಾಗ

ಮೂಲ ಕಾಡನ್ನು ಮೊದಲು ಕಡಿದ ಕುಟುಂಬಕ್ಕೆ ಆ ನೆಲದ ಮೇಲೆ ಶಾಶ್ವತ ಹಕ್ಕು ಎಂಬುದು ಇಬಾನರ ಅದತ್. ಪಾಳು ಬಿಟ್ಟ ಅಂಥ ನೆಲ ‘ತೆಮುದಾ’. ಒಂದು ಉದ್ದಮನೆಯ ಹೊಲ, ಪಾಳು, ನದಿ, ಉಳಿಸಿಕೊಂಡ ಕಾಡು ಎಲ್ಲವೂ ಸೇರಿದ ಸೀಮೆ ‘ಪೆಮಕಾಯ್ ಮೆನುವಾ’. ಅದರ ಎಲ್ಲೆ ಹೊಳೆ, ದಿಬ್ಬ, ಹಣ್ಣಿನ ಮರ, ಹಿರಿಯರ ಸಮಾಧಿಗಳಿಂದ ಗುರುತಾಗುತ್ತದೆ. ಇವೆಲ್ಲ ನೆನಪಿನಲ್ಲಿದ್ದವು, ಪಹಣಿಯಲ್ಲಿರಲಿಲ್ಲ.

ಮರದ ತಿರುಳಿನ ನೆಡುತೋಪಿಗೆ ಸರ್ಕಾರ ನೆಲ ಕೊಟ್ಟಾಗ ಬಿಂತುಲು ಸೀಮೆಯ ರುಮಾ ನೋರ್ ಎಂಬ ಉದ್ದಮನೆಯವರು ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ಉಚ್ಚ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. 2005ರಲ್ಲಿ ಮೇಲ್ಮನವಿಯಲ್ಲಿ ಅವರು ಸೋತರು. ಆದರೆ ರೂಢಿಯ ಹಕ್ಕಿಗೆ ಕಾನೂನಿನಲ್ಲಿ ಸ್ಥಾನವಿದೆಯೆಂಬ ತತ್ತ್ವ ಉಳಿಯಿತು. 2016ರಲ್ಲಿ ಬೇರೊಂದು ಪ್ರಕರಣದಲ್ಲಿ ಮಲೇಷ್ಯದ ಅತ್ಯುನ್ನತ ನ್ಯಾಯಾಲಯ ಪೆಮಕಾಯ್ ಮೆನುವಾಕ್ಕೆ ಸರವಾಕಿನ ಕಾನೂನಿನ ಬಲವಿಲ್ಲವೆಂದಿತು. ಜನರ ಅಸಮಾಧಾನ ಹೆಚ್ಚಿದ ಮೇಲೆ 2018ರಲ್ಲಿ ರಾಜ್ಯವು ಭೂಸಂಹಿತೆಯನ್ನು ತಿದ್ದಿ ಅಂಥ ಸೀಮೆಗಳಿಗೆ ಒಂದು ಮಟ್ಟದ ಮಾನ್ಯತೆ ಕಲ್ಪಿಸಿತು. ಬೆಟ್ಟದ ಆಚೆ ಇಂಡೋನೇಷ್ಯದಲ್ಲಿ, ಇದೇ ಇಬಾನರ ಸುಂಗಾಯ್ ಉತಿಕ್ ಎಂಬ ಊರಿಗೆ 2020ರಲ್ಲಿ 9,400 ಹೆಕ್ಟೇರಿಗೂ ಹೆಚ್ಚು ಕಾಡು ‘ರೂಢಿಯ ಅರಣ್ಯ’ವೆಂದು ಅಧಿಕೃತವಾಗಿ ದೊರೆಯಿತು. ಜನ ಒಂದೇ, ಮಾತು ಒಂದೇ, ಕಟ್ಟಳೆ ಒಂದೇ. ನಡುವೆ ಗಡಿ ಬಿದ್ದುದರಿಂದ ಫಲ ಬೇರೆಯಾಯಿತು.

ಶಾಲೆಯಲ್ಲಿ ಇಬಾನ್

ಸರವಾಕಿನ ಮೊದಲ ಶಿಕ್ಷಕ ತರಬೇತಿ ಕೇಂದ್ರ 1948ರಲ್ಲಿ ಕುಚಿಂಗ್ ನಗರದ ಬಾತು ಲಿಂತಾಂಗ್‌ನಲ್ಲಿ ಆರಂಭವಾಯಿತು. ಜಪಾನೀಯರು ಯುದ್ಧಕೈದಿಗಳನ್ನು ಇರಿಸಿದ್ದ ಶಿಬಿರವೇ ಅದರ ಕಟ್ಟಡಗಳು. 1954ರಲ್ಲಿ ಸರವಾಕ್ ರೇಡಿಯೊ ಆರಂಭವಾದಾಗ ಇಬಾನ್ ಅದರ ಪ್ರಸಾರ ಭಾಷೆಗಳಲ್ಲೊಂದಾಯಿತು. ಬೋರ್ನಿಯೊ ಸಾಹಿತ್ಯ ಮಂಡಳಿ ಇಬಾನ್ ಕಥೆಗಳನ್ನೂ ಹಾಡುಗಳನ್ನೂ ಪುಸ್ತಕಗಳಾಗಿ ಹೊರತಂದಿತು. 1977ರಲ್ಲಿ ಮಂಡಳಿ ಮುಚ್ಚಿ ಅದರ ಸ್ಥಾನಕ್ಕೆ ರಾಷ್ಟ್ರಭಾಷೆಯ ಸಂಸ್ಥೆ ಬಂದಾಗ ಇಬಾನ್ ಪ್ರಕಟಣೆ ಸೊರಗಿತು. ಶಾಲೆಯ ಮಾಧ್ಯಮ ಮಲಯ. ಇಬಾನ್ ಒಂದು ವಿಷಯವಾಗಿ ಮಾತ್ರ ಇದೆ. 2008ರಿಂದ ಪ್ರೌಢಶಾಲೆಯ ಅಂತ್ಯದ ಸಾರ್ವಜನಿಕ ಪರೀಕ್ಷೆಯಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಗಡಿಯಾಚೆಯ ಕಲಿಮಾಂತಾನ್‌ನಲ್ಲಿ ಇಬಾನ್ ಮಕ್ಕಳು ಓದುವುದು ಇಂಡೋನೇಷ್ಯದ ರಾಷ್ಟ್ರಭಾಷೆಯಲ್ಲಿ.

ಮಲೇಷ್ಯದ 1996ರ ಶಿಕ್ಷಣ ಕಾಯಿದೆಯ ಪ್ರಕಾರ, ಶಾಲೆಯಲ್ಲಿ ಕನಿಷ್ಠ 15 ಮಕ್ಕಳ ಪಾಲಕರು ಕೇಳಿದರೆ ಮೂಲನಿವಾಸಿಗಳ ಭಾಷೆಯನ್ನು ಕಲಿಸಬೇಕು. ಆದರೆ ಅದು ‘ಸಮಂಜಸವೂ ಕಾರ್ಯಸಾಧ್ಯವೂ’ ಆಗಿದ್ದರೆ ಮಾತ್ರ. ಚೀನಿ ಮತ್ತು ತಮಿಳು ಭಾಷೆಗಳಿಗೆ ಸಂಖ್ಯೆಯ ನಿಯಮವಿದೆ, ಈ ಎರಡನೆಯ ಷರತ್ತಿಲ್ಲ. ಭಾರತದಲ್ಲಿ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. ಶಾಲೆಗೆ 40 ಅಥವಾ ತರಗತಿಗೆ 10 ಮಕ್ಕಳು ಎಂಬ ಅಳತೆ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದದ್ದು. ದಾಖಲಾತಿ ಪುಸ್ತಕದ ಒಂದು ಸಂಖ್ಯೆಯ ಮೇಲೆ ತಮ್ಮ ಶಾಲೆಯ ಭಾಷೆ ನಿಂತಿರುವುದನ್ನು ಗಡಿನಾಡಿನ ಶಿಕ್ಷಕರು ಪ್ರತಿ ಜೂನ್‌ನಲ್ಲಿ ಕಾಣುತ್ತಾರೆ. ಇಬಾನ್ ಶಿಕ್ಷಕರ ಲೆಕ್ಕವೂ ಅದೇ ಬಗೆಯದು.

ಅಲ್ಲಿ ಇನ್ನೊಂದು ತೊಡಕೂ ಇದೆ. ಒಂದೊಂದು ನದಿಯ ಇಬಾನ್ ಸ್ವಲ್ಪ ಬೇರೆ. ಪಠ್ಯಪುಸ್ತಕಕ್ಕೆ ಒಂದು ರೂಪ ಬೇಕು. ಆಗ ಪುಸ್ತಕದ ಮಾತು ತನ್ನ ಅಜ್ಜಿಯ ಮಾತಿನಂತಿಲ್ಲವೆಂದು ಕೆಲವು ಮಕ್ಕಳಿಗೆ ಅನಿಸುವುದು ತಪ್ಪದು. ಜತ್ತದ ಮಗುವಿಗೂ ಮಡಕಶಿರದ ಮಗುವಿಗೂ ಪಠ್ಯಪುಸ್ತಕದ ಕನ್ನಡ ಹೀಗೆಯೇ ಕೇಳಿಸುತ್ತದೆ. ಮಗು ‘ತಪ್ಪು’ ಬರೆದಾಗ ಅದು ಕಾಗುಣಿತದ ತಪ್ಪೇ, ಮನೆಯ ಮಾತಿನ ನಿಯಮವೇ ಎಂದು ನೋಡಿದ ಬಳಿಕವೇ ಕೆಂಪು ಶಾಯಿ ಬಳಸುವುದು ಉಚಿತ.

ತರಗತಿಯಲ್ಲಿ

ಈ ಪಾಠವನ್ನು ಎರಡು ಅವಧಿಗಳಲ್ಲಿ ಮುಗಿಸಬಹುದು. ಮೊದಲ ಅವಧಿಗೆ ಬೋರ್ನಿಯೊದ ನಕ್ಷೆ ಮತ್ತು ಉದ್ದಮನೆಯ ರೇಖಾಚಿತ್ರ ಸಾಕು. ಮಕ್ಕಳು ತಮ್ಮ ಮನೆಯ ಪಡಸಾಲೆ, ಅಟ್ಟ, ಅಂಗಳಗಳಿಗೆ ಮನೆಮಾತಿನ ಹೆಸರುಗಳನ್ನು ಪಕ್ಕದಲ್ಲಿ ಬರೆಯಲಿ. ‘ಈಗಲೂ ಅವರು ತಲೆ ಕಡಿಯುತ್ತಾರೆಯೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಲ್ಲವೆಂದು ಹೇಳಿ, 1924ರ ಕಪಿತ್ ಒಪ್ಪಂದವನ್ನು ತಿಳಿಸಿ, ಇಬಾನರಲ್ಲಿ ಇಂದು ಶಿಕ್ಷಕರು, ವಕೀಲರು, ಶುಶ್ರೂಷಕಿಯರು, ಸೈನಿಕರು ಇದ್ದಾರೆಂದು ಸೇರಿಸಿದರೆ ಸಾಕು. ಪ್ರಶ್ನೆ ಕೇಳಿದ ಮಗುವನ್ನು ಗದರಬಾರದು.

ಎರಡನೆಯ ಅವಧಿ ಹಲಗೆಯದು. ಊರಿನಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ಹಾಡನ್ನು ಮಕ್ಕಳು ಮನೆಯ ಹಿರಿಯರಿಂದ ಕೇಳಿಕೊಂಡು ಬರಲಿ: ಕಾಸರಗೋಡಿನಲ್ಲಿ ಪಾಡ್ದನ, ತಾಳವಾಡಿಯಲ್ಲಿ ಮಾದೇಶ್ವರನ ಕಥೆಯ ಒಂದು ಭಾಗ, ಅಕ್ಕಲಕೋಟೆಯ ಕಡೆ ಹಂತಿಯ ಅಥವಾ ಬೀಸುವ ಪದ. ಅದನ್ನು ಅಕ್ಷರದಲ್ಲಿ ಬರೆಯದೆ, ರಟ್ಟಿನ ಮೇಲೆ ಹತ್ತು ಹನ್ನೆರಡು ಗುರುತುಗಳಾಗಿ ಚಿತ್ರಿಸಲಿ. ಮರುದಿನ ಗುರುತು ನೋಡಿ ಹಾಡಲಿ. ಬಳಿಕ ಅದೇ ಹಾಡಿನ ಎರಡು ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆಸಬೇಕು. ತುಳು ಪದಗಳ ಕೊನೆಯಲ್ಲಿ ಬರುವ, ಉಕಾರವಲ್ಲದ ಆ ಅರ್ಧಸ್ವರದಂಥ ಧ್ವನಿಗೆ ಕನ್ನಡ ವರ್ಣಮಾಲೆಯಲ್ಲಿ ನೇರವಾದ ಚಿಹ್ನೆಯಿಲ್ಲ. ಬೇರೆ ಮನೆಮಾತುಗಳಲ್ಲಿಯೂ ಇಂಥ ಧ್ವನಿಗಳು ಸಿಗುತ್ತವೆ. ಅಂಥ ಕಡೆ ಬರವಣಿಗೆ ನಿಂತಾಗ ಶಿಕ್ಷಕರು ಉತ್ತರ ಕೊಡದೆ ಕಾಯಬೇಕು. ಆ ಧ್ವನಿಗೆ ಯಾವ ಗುರುತು ಹಾಕೋಣ ಎಂದು ಆ ಮಾತನ್ನಾಡುವ ಮಗುವನ್ನೇ ಕೇಳಿ, ಅದು ಸೂಚಿಸಿದ ಗುರುತನ್ನು ಕಪ್ಪು ಹಲಗೆಯ ಮೂಲೆಯಲ್ಲಿ ಬರೆದು, ಆ ವರ್ಷದುದ್ದಕ್ಕೂ ಆ ತರಗತಿಯಲ್ಲಿ ಆ ಧ್ವನಿಗೆ ಅದನ್ನೇ ಬಳಸಬೇಕು.